ಅಡುಗೆ ಕಟ್ಟೆಗೆ ಲ್ಯಾಮಿನೇಟ್: ಆಯ್ಕೆ ಹೇಗೆ, ಜೋಡಣೆ ಹೇಗೆ?

ಮನೆ ಕಟ್ಟುವವರು ಗೋಡೆಯ ಬಣ್ಣಕ್ಕೆ ನೀಡುವಷ್ಟು ಗಮನವನ್ನು ಅಡುಗೆ ಕಟ್ಟೆಗೆ ನೀಡುವುದಿಲ್ಲ. ಆದರೆ ದಿನಕ್ಕೆ ಹತ್ತಾರು ಬಾರಿ ನೀರು, ಎಣ್ಣೆ, ಅರಿಶಿನ, ಬಿಸಿ ಪಾತ್ರೆಗಳ ಹೊಡೆತ ತಿನ್ನುವುದು ಇದೇ ಕಟ್ಟೆ. ಗೋಡೆಯ ಬಣ್ಣ ಬೇಸರವಾದರೆ ಬದಲಿಸಬಹುದು. ಒಳಗೆ ನೀರು ಕುಡಿದು ಉಬ್ಬಿದ ಕಟ್ಟೆಯನ್ನು ಕಿತ್ತು ಹಾಕುವುದಲ್ಲದೆ ಬೇರೆ ದಾರಿಯಿಲ್ಲ. ಆದ್ದರಿಂದ ಹಣ ತೆರುವ ಮುನ್ನ ವಸ್ತುವಿನ ಗುಣಾವಗುಣಗಳನ್ನು ತಿಳಿದಿರುವುದು ಒಳ್ಳೆಯದು.

ಕರ್ನಾಟಕದ ಅಡುಗೆಮನೆಗಳಲ್ಲಿ ಬಹುಕಾಲದಿಂದ ಕಲ್ಲಿನದೇ ಆಧಿಪತ್ಯ. ಮೊದಲು ಕಡಪ ಕಲ್ಲು, ಅನಂತರ ಗ್ರಾನೈಟ್. ಇಳಕಲ್‌ನ ಕೆಂಪು, ಚಾಮರಾಜನಗರದ ಕಪ್ಪು ಗ್ರಾನೈಟ್‌ಗಳು ನಮ್ಮ ನೆಲದಲ್ಲಿಯೇ ದೊರೆಯುವುದು ಇದಕ್ಕೆ ಒಂದು ಕಾರಣ. ಈಚಿನ ವರ್ಷಗಳಲ್ಲಿ ಮಾಡ್ಯುಲರ್ ಅಡುಗೆಮನೆಗಳ ಜೊತೆಗೆ ಲ್ಯಾಮಿನೇಟ್ ಕಟ್ಟೆಯೂ ನಗರವಾಸಿಗಳ ಆಯ್ಕೆಯ ಪಟ್ಟಿಗೆ ಸೇರಿದೆ.

ಏನಿದು ಲ್ಯಾಮಿನೇಟ್?

ಬಡಗಿಗಳು ‘ಮೈಕಾ’ ಅಥವಾ ‘ಸನ್‌ಮೈಕಾ’ ಎಂದು ಕರೆಯುವ ಹಾಳೆಯೇ ಲ್ಯಾಮಿನೇಟ್. ಸನ್‌ಮೈಕಾ ಎಂಬುದು ಮೂಲತಃ ಒಂದು ಬ್ರಾಂಡ್‌ನ ಹೆಸರು. ಈ ಹಾಳೆಯಲ್ಲಿ ಮೈಕಾ, ಅಂದರೆ ಅಭ್ರಕ, ಕಿಂಚಿತ್ತೂ ಇಲ್ಲ. ವಿದ್ಯುತ್ ಉಪಕರಣಗಳಲ್ಲಿ ಅಭ್ರಕದ ಬದಲಿಗೆ ಬಳಸಬಹುದಾದ ನಿರೋಧಕವೊಂದನ್ನು ಅಮೆರಿಕದ ಡೇನಿಯಲ್ ಓಕಾನರ್ ಮತ್ತು ಹರ್ಬರ್ಟ್ ಫೇಬರ್ ರೂಪಿಸಿ, 1913ರಲ್ಲಿ ಕಂಪನಿ ಆರಂಭಿಸಿದರು. ಅಭ್ರಕಕ್ಕೆ ಬದಲಿ ಎಂಬ ಅರ್ಥದಲ್ಲಿ ಅದಕ್ಕೆ ‘ಫಾರ್ಮೈಕಾ’ ಎಂಬ ಹೆಸರು ಬಂತು. ಅದೇ ತಂತ್ರಜ್ಞಾನ ಮುಂದೆ ಮೇಜು, ಕಪಾಟು, ಅಡುಗೆ ಕಟ್ಟೆಗಳಿಗೆ ಹರಡಿತು.

ಕಂದು ಬಣ್ಣದ ಕ್ರಾಫ್ಟ್ ಕಾಗದದ ಹಲವು ಪದರಗಳನ್ನು ಫೀನಾಲಿಕ್ ರಾಳದಲ್ಲಿ ಅದ್ದಿ, ಮೇಲ್ಭಾಗಕ್ಕೆ ಮೆಲಮೈನ್ ರಾಳ ಹೀರಿದ ಚಿತ್ತಾರದ ಕಾಗದವನ್ನಿಟ್ಟು, ಭಾರೀ ಒತ್ತಡ ಹಾಗೂ 120 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖದಲ್ಲಿ ಅದುಮಿದಾಗ ಗಟ್ಟಿ ಹಾಳೆ ಸಿದ್ಧವಾಗುತ್ತದೆ. ಇದನ್ನು ಪ್ಲೈವುಡ್ ಮೇಲೆ ಅಂಟಿಸಿದರೆ ಕಟ್ಟೆಯ ಹಲಗೆ ಆಗುತ್ತದೆ. ಹಾಳೆಯ ಮೇಲ್ಮೈ ನೀರನ್ನು ಹೀರುವುದಿಲ್ಲ. ಹೀರುವುದು ಅಂಚು ಮತ್ತು ರಂಧ್ರಗಳ ಮೂಲಕ ಒಳಗಿನ ಮರ. ಲ್ಯಾಮಿನೇಟ್ ಕಟ್ಟೆಯ ಬಾಳಿಕೆಯ ರಹಸ್ಯವೆಲ್ಲ ಈ ಒಂದು ಮಾತಿನಲ್ಲಿದೆ.

ಯಾವುದು ಯಾರಿಗೆ?

ಗ್ರಾನೈಟ್: ಒಲೆಯಿಂದ ಇಳಿಸಿದ ಬಾಣಲೆಯನ್ನು ನೇರವಾಗಿ ಇಟ್ಟರೂ ಸಾಮಾನ್ಯವಾಗಿ ತೊಂದರೆಯಿಲ್ಲ. ನೀರಿನ ಬಳಕೆ ಹೆಚ್ಚಿರುವ, ಗ್ರೈಂಡರ್ ಇಡುವ ಅಡುಗೆಮನೆಗೆ ಇದೇ ಸೂಕ್ತ. ಆದರೆ 20 ಮಿ.ಮೀ. ದಪ್ಪದ ಚಪ್ಪಡಿ ಚದರ ಮೀಟರಿಗೆ ಸುಮಾರು 54 ಕಿಲೊ ತೂಗುತ್ತದೆ; ಬಲವಾದ ಆಧಾರ ಬೇಕು.

ಕಡಪ ಕಲ್ಲು: ಬೆಲೆ ಕಡಿಮೆ. ಇದು ಸುಣ್ಣಕಲ್ಲಿನ ಜಾತಿಗೆ ಸೇರಿದ್ದರಿಂದ ಹುಣಸೆಹುಳಿ, ನಿಂಬೆರಸ ಬಿದ್ದಲ್ಲಿ ಹೊಳಪು ಕಳೆದುಕೊಂಡು ಮಚ್ಚೆ ಮೂಡುತ್ತದೆ.

ಕೃತಕ ಕ್ವಾರ್ಟ್ಜ್: ನೋಟಕ್ಕೆ ಚೆಂದ, ಕಲೆ ಹಿಡಿಯುವುದು ಕಡಿಮೆ. ಆದರೆ ಇದರಲ್ಲಿ ಸಿಲಿಕಾ ಪ್ರಮಾಣ ಶೇ 90ನ್ನು ಮೀರುವುದುಂಟು. ಒಣಗಿದ ಸ್ಥಿತಿಯಲ್ಲಿ ಕತ್ತರಿಸುವಾಗ ಏಳುವ ದೂಳು ಕಾರ್ಮಿಕರ ಶ್ವಾಸಕೋಶಕ್ಕೆ ಹೊಕ್ಕು, ಗುಣವಾಗದ ಸಿಲಿಕೋಸಿಸ್ ರೋಗಕ್ಕೆ ಕಾರಣವಾಗುತ್ತದೆ. ಇದೇ ಕಾರಣಕ್ಕೆ ಆಸ್ಟ್ರೇಲಿಯ 2024ರ ಜುಲೈ 1ರಿಂದ ಇದರ ತಯಾರಿಕೆ, ಸರಬರಾಜು ಹಾಗೂ ಜೋಡಣೆಯನ್ನು ನಿಷೇಧಿಸಿತು. ಗ್ರಾನೈಟ್‌ನಲ್ಲಿಯೂ ಸಿಲಿಕಾ ಇದೆ, ಪ್ರಮಾಣ ಕಡಿಮೆ. ಯಾವ ಕಲ್ಲೇ ಆಗಲಿ, ನೀರು ಹಾಯಿಸುತ್ತ ಕತ್ತರಿಸುವಂತೆ ಕೇಳುವುದು ಮನೆಯ ಮಾಲೀಕರ ಹೊಣೆಯೂ ಹೌದು.

ಲ್ಯಾಮಿನೇಟ್: ಹಗುರ, ಬಣ್ಣಗಳ ಆಯ್ಕೆ ವಿಪುಲ. 18 ಮಿ.ಮೀ. ಪ್ಲೈವುಡ್ ಹಲಗೆಯ ತೂಕ ಗ್ರಾನೈಟ್‌ನ ಕಾಲುಭಾಗದಷ್ಟು ಮಾತ್ರ. ಸ್ಕ್ರೂ ಬಿಚ್ಚಿ ಬೇರೆ ಮನೆಗೆ ಸಾಗಿಸಲೂಬಹುದು. ಬಾಡಿಗೆ ಮನೆಯವರಿಗೆ, ತಿಂಡಿ ತಿನ್ನುವ ಕಟ್ಟೆಗೆ, ಓವನ್, ಮಿಕ್ಸಿ ಇಡುವ ಒಣ ಭಾಗಕ್ಕೆ ಇದು ಅನುಕೂಲ. ಒಲೆ ಮತ್ತು ಸಿಂಕ್ ಇರುವಲ್ಲಿ ಗ್ರಾನೈಟ್, ಉಳಿದೆಡೆ ಲ್ಯಾಮಿನೇಟ್ ಎಂಬ ಮಧ್ಯಮ ಮಾರ್ಗ ನಮ್ಮ ಅಡುಗೆ ಪದ್ಧತಿಗೆ ಹೆಚ್ಚು ಹೊಂದುತ್ತದೆ.

ಖರೀದಿಸುವಾಗ

* ಕಟ್ಟೆಗೆ 1 ಮಿ.ಮೀ. ದಪ್ಪದ ಹಾಳೆಯೇ ಇರಲಿ. ಇದಕ್ಕಿಂತ ತೆಳುವಾದವು ಕಪಾಟಿನ ಒಳಭಾಗಕ್ಕೆ ಸಾಕು. ಲ್ಯಾಮಿನೇಟ್‌ಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 2046.

* ಒಳಗಿನ ಹಲಗೆ ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ಆಗಿರಲಿ. ಪಾರ್ಟಿಕಲ್ ಬೋರ್ಡ್ ಅಗ್ಗವಾದರೂ ನೀರು ಸೋಕಿದರೆ ಉಬ್ಬುತ್ತದೆ. ಐಎಸ್ಐ ಮುದ್ರೆಯ ಜೊತೆಗಿರುವ ಪರವಾನಗಿ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಪರಿಶೀಲಿಸಬಹುದು.

* ಹೊಳಪಿನ ಮೇಲ್ಮೈಯಲ್ಲಿ, ಅದರಲ್ಲೂ ಗಾಢ ಬಣ್ಣದಲ್ಲಿ, ಗೀರುಗಳು ಬೇಗ ಎದ್ದು ಕಾಣುತ್ತವೆ. ಮ್ಯಾಟ್ ಮೇಲ್ಮೈ ಲೇಸು.

* ಹಾಳೆಯ ಸಾಮಾನ್ಯ ಅಳತೆ 8 ಅಡಿ ಉದ್ದ, 4 ಅಡಿ ಅಗಲ. ಕಟ್ಟೆ 8 ಅಡಿಗಿಂತ ಉದ್ದವಿದ್ದರೆ ಜೋಡು ಬಂದೇ ಬರುತ್ತದೆ. ಆ ಜೋಡು ಸಿಂಕ್‌ನಿಂದ ದೂರವಿರುವಂತೆ ಮೊದಲೇ ಯೋಜಿಸಬೇಕು.

* ದರ ಚದರಡಿಗೋ, ಉದ್ದದ ಅಡಿಗೋ ಎಂದು ಸ್ಪಷ್ಟಪಡಿಸಿಕೊಳ್ಳಿ. 2 ಅಡಿ ಅಗಲದ ಕಟ್ಟೆಯಲ್ಲಿ ಉದ್ದದ 1 ಅಡಿ ಎಂದರೆ 2 ಚದರಡಿ. ಲೆಕ್ಕ ತಪ್ಪಿದರೆ ಬಿಲ್ಲು ದುಪ್ಪಟ್ಟಾಗುತ್ತದೆ.

ಜೋಡಣೆಯ ಹಂತಗಳು

ಗೋಡೆಗಳು ಅಪರೂಪಕ್ಕೆ ನೇರವಾಗಿರುತ್ತವೆ. ಆದ್ದರಿಂದ ಕಟ್ಟೆಯ ಅಗಲವನ್ನು ಎರಡು ತುದಿ ಹಾಗೂ ಮಧ್ಯದಲ್ಲಿ, ಹೀಗೆ ಮೂರು ಕಡೆ ಅಳೆಯಬೇಕು. ಕೆಳಗಿನ ಕಪಾಟುಗಳು ಸಮತಟ್ಟಾಗಿವೆಯೇ ಎಂಬುದನ್ನು ರಸಮಟ್ಟದಿಂದ, ಮೂಲೆಯನ್ನು ಮೂಲೆಮಟ್ಟದಿಂದ ಪರೀಕ್ಷಿಸಬೇಕು. ಪ್ಲೈವುಡ್ ಮತ್ತು ಹಾಳೆಯನ್ನು ಎರಡು ದಿನ ಅದೇ ಮನೆಯಲ್ಲಿ ಇಟ್ಟರೆ ಅಲ್ಲಿನ ತೇವಾಂಶಕ್ಕೆ ಹೊಂದಿಕೊಳ್ಳುತ್ತವೆ. ಕರಾವಳಿ, ಮಲೆನಾಡಿನವರು ಜಡಿಮಳೆಯ ದಿನಗಳಲ್ಲಿ ಈ ಕೆಲಸ ಹಿಡಿಯದಿರುವುದು ಕ್ಷೇಮ.

ಹಾಳೆಯನ್ನು ಬೇಕಾದುದಕ್ಕಿಂತ ತುಸು ದೊಡ್ಡದಾಗಿ ಕತ್ತರಿಸಿ, ಅಂಟಿಸಿದ ಮೇಲೆ ಅಂಚನ್ನು ಟ್ರಿಮ್ಮರ್‌ನಿಂದ ಸಮಗೊಳಿಸುತ್ತಾರೆ. ಬಿಳಿ ಅಂಟು ಬಳಸಿದರೆ ಒಂದು ರಾತ್ರಿಯಾದರೂ ಸಮನಾಗಿ ಭಾರ ಹೇರಿರಬೇಕು. ರಬ್ಬರ್ ಅಂಟಾದರೆ ಎರಡೂ ಮೇಲ್ಮೈಗಳಿಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಬಳಿಕ ಕೂಡಿಸಬೇಕು. ಒಮ್ಮೆ ಕೂಡಿದರೆ ಸರಿಸಲಾಗದು. ಆದ್ದರಿಂದ ನಡುವೆ ತೆಳು ಪಟ್ಟಿಗಳನ್ನಿಟ್ಟು, ಹಾಳೆಯನ್ನು ಸರಿಯಾಗಿ ಕೂರಿಸಿ, ಒಂದೊಂದನ್ನೇ ಎಳೆಯುತ್ತ ಒತ್ತುತ್ತ ಹೋಗಬೇಕು. ಈ ಅಂಟಿನ ಆವಿ ಬೇಗ ಬೆಂಕಿ ಹಿಡಿಯುವಂಥದ್ದು. ಒಲೆ, ದೇವರ ದೀಪ ಎರಡೂ ಆರಿರಬೇಕು, ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಆಗಿರಬೇಕು, ಕಿಟಕಿಗಳು ತೆರೆದಿರಬೇಕು.

ಹಲಗೆಯ ಕೆಳಭಾಗಕ್ಕೂ ಒಂದು ಸಾದಾ ಹಾಳೆ ಅಂಟಿಸುವುದು ಅವಶ್ಯ. ಒಂದೇ ಬದಿಗೆ ಹಾಳೆಯಿದ್ದರೆ ಹಲಗೆ ಬಾಗುವ ಸಂಭವವಿದೆ. ಈ ಖರ್ಚನ್ನು ಉಳಿಸಲು ಹೋಗಿ ಕಟ್ಟೆ ಕೆಡಿಸಿಕೊಳ್ಳುವವರುಂಟು.

ಸಿಂಕ್‌ಗೆ ಕೊರೆದ ರಂಧ್ರವೇ ಅತ್ಯಂತ ದುರ್ಬಲ ಜಾಗ. ಅಲ್ಲಿ ಕಾಣುವ ಬರಿಯ ಮರಕ್ಕೆ ಜಲನಿರೋಧಕ ಲೇಪನವನ್ನು ಎರಡು ಬಾರಿ ಹಚ್ಚಿ, ಆರಿದ ನಂತರವೇ ಸಿಂಕ್ ಕೂರಿಸಬೇಕು. ಅಂಚು ಕಟ್ಟೆಯ ಮೇಲೆ ಕೂರುವ ಸಿಂಕನ್ನೇ ಆರಿಸಬೇಕು. ಕೆಳಗಿನಿಂದ ಜೋಡಿಸುವ ಸಿಂಕ್ ಕಲ್ಲಿಗಷ್ಟೇ ಸರಿ. ಸಿಂಕ್, ನಲ್ಲಿ ಹಾಗೂ ಗೋಡೆ ಸೇರುವ ಕಡೆಗಳಿಗೆಲ್ಲ ಸಿಲಿಕಾನ್ ಸೀಲೆಂಟ್ ತುಂಬಿ, ಒಂದು ದಿನ ನೀರು ತಾಗದಂತೆ ಬಿಡಬೇಕು. ಕೊನೆಯ ಕಂತಿನ ಹಣ ಕೊಡುವ ಮುನ್ನ ಸಿಂಕ್ ತುಂಬ ನೀರು ಬಿಟ್ಟು, ಕೆಳಗಿನಿಂದ ಕೈಯಾಡಿಸಿ ತೇವವಿದೆಯೇ ಎಂದು ನೋಡುವುದು ಜಾಣತನ.

ಬಳಕೆಯಲ್ಲಿ ಎಚ್ಚರ

ಕುದಿಯುವ ಸಾರಿನ ಪಾತ್ರೆಯನ್ನಾಗಲಿ, ದೋಸೆ ಹೆಂಚನ್ನಾಗಲಿ ನೇರವಾಗಿ ಇಡಬಾರದು. ಹಾಳೆ ಸುಟ್ಟು ಗುಳ್ಳೆ ಎದ್ದರೆ ಸರಿಪಡಿಸಲಾಗದು. ತರಕಾರಿಯನ್ನು ಮಣೆಯ ಮೇಲೆಯೇ ಹೆಚ್ಚಬೇಕು. ಉಕ್ಕಿದ ಹಾಲು, ಚೆಲ್ಲಿದ ಹಿಟ್ಟು, ಅರಿಶಿನದ ಕಲೆಯನ್ನು ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಬೇಕು. ಲೋಹದ ಉಜ್ಜುಬ್ರಷ್, ಆಮ್ಲವಿರುವ ಶುಚಿಕಾರಕಗಳು ವರ್ಜ್ಯ. ಕಲ್ಲಿನ ಕಟ್ಟೆಯಂತೆ ಬಕೆಟ್ ನೀರು ಸುರಿದು ತೊಳೆಯುವ ಅಭ್ಯಾಸವನ್ನು ಮೊದಲು ಬಿಡಬೇಕು.

ವರ್ಷಕ್ಕೊಮ್ಮೆ ಸಿಂಕ್ ಸುತ್ತಲಿನ ಸೀಲೆಂಟ್ ಪರೀಕ್ಷಿಸಿ, ಬಿರುಕು ಕಂಡರೆ ಹಳೆಯದನ್ನು ಕೆರೆದು ಹೊಸದನ್ನು ತುಂಬಿ. ಇದಕ್ಕೆ ತಗಲುವುದು ಒಂದು ಟ್ಯೂಬಿನ ಬೆಲೆ. ನಿರ್ಲಕ್ಷಿಸಿದರೆ ಇಡೀ ಕಟ್ಟೆಯ ಬೆಲೆಯನ್ನೇ ತೆರಬೇಕಾದೀತು.