ಬಿಂಬದಿಂದ ಗಣಕದ ಪುನರುದ್ಧಾರ
ಗಣಕವೊಂದು ಕೆಟ್ಟು ನಿಂತರೆ ಮೊದಲು ಕಾರ್ಯವ್ಯವಸ್ಥೆಯನ್ನೂ ಬಳಿಕ ಡ್ರೈವರುಗಳನ್ನೂ ಅನಂತರ ಒಂದೊಂದೇ ತಂತ್ರಾಂಶವನ್ನೂ ಫ್ಲಾಪಿ, ಸಿ.ಡಿ.ಗಳಿಂದ ಹೊಸದಾಗಿ ಸ್ಥಾಪಿಸುತ್ತ ದಿನವನ್ನೇ ವ್ಯಯಿಸಬೇಕಾಗಿದ್ದ 1990ರ ದಶಕದಲ್ಲಿ, ನ್ಯೂಜಿಲೆಂಡಿನ ಮರ್ರೇ ಹ್ಯಾಝರ್ಡ್ ಎಂಬಾತನು ರಚಿಸಿದ ‘ಘೋಸ್ಟ್’ ತಂತ್ರಾಂಶವು, ಸುಸ್ಥಿತಿಯಲ್ಲಿದ್ದ ಡಿಸ್ಕಿನ ಸಮಗ್ರ ಬಿಂಬವನ್ನು ಕಡತರೂಪದಲ್ಲಿ ಕಾಪಿಟ್ಟು ಬೇಕೆಂದಾಗ ಯಥಾವತ್ತಾಗಿ ಮರಳಿ ಇಳಿಸುವ ಕಾರ್ಯವನ್ನು ಸುಗಮಗೊಳಿಸಿತು. 1998ರಲ್ಲಿ ಸಿಮ್ಯಾಂಟೆಕ್ ಸಂಸ್ಥೆಯು ಅದನ್ನು ಕೊಂಡಿತು.

ನಡೆಯುತ್ತಿರುವ ವ್ಯವಸ್ಥೆಯು ತನ್ನ ನೆಲೆಯನ್ನೇ ತಾನು ಅಳಿಸಿ ಬರೆಯಲಾರದಾದುದರಿಂದ, ಡಾಸ್ ಫ್ಲಾಪಿಯಿಂದ ಗಣಕವನ್ನು ಎಬ್ಬಿಸಿ ಬಿಂಬವನ್ನು ಇಳಿಸುವುದು ಅಂದಿನ ಕ್ರಮವಾಗಿತ್ತು. ಆದರೆ, ಮರೆಯಲಾಗದ ಮಾತೊಂದಿದೆ: ಬಿಂಬ ತೆಗೆದ ಬಳಿಕ ಅದೇ ಡಿಸ್ಕಿನಲ್ಲಿ ಬರೆದಿಟ್ಟ ಪತ್ರ, ಲೆಕ್ಕಗಳೆಲ್ಲವೂ ಆ ಪುನಃಸ್ಥಾಪನೆಯಲ್ಲಿ ನಿಶ್ಶೇಷವಾಗಿ ಅಳಿಯುತ್ತಿದ್ದುದರಿಂದ, ವಿವೇಕಿಗಳಾದ ತಂತ್ರಜ್ಞರು ಅವನ್ನು ಮೊದಲು ಬೇರೆಡೆಗೆ ಸಾಗಿಸಿದ ಹೊರತು ಕೆಲಸಕ್ಕೆ ಕೈಹಚ್ಚುತ್ತಿರಲಿಲ್ಲ.