ಬೃಹತ್ ಸನ್ನಿವೇಶ ವಿನ್ಯಾಸ (ದಿ ಆಪರೇಷನಲ್ ಆರ್ಟ್ ಆಫ್ ವಾರ್)

ಬೃಹತ್ ಸನ್ನಿವೇಶ ವಿನ್ಯಾಸ ಎಂದರೆ ಸರದಿ ಆಧಾರಿತ ಯುದ್ಧತಂತ್ರದ ಕಂಪ್ಯೂಟರ್ ಆಟವೊಂದರಲ್ಲಿ ಇಡೀ ಯುದ್ಧರಂಗವನ್ನು ಅಥವಾ ಹಲವು ವರ್ಷಗಳ ದಂಡಯಾತ್ರೆಯನ್ನು ಆಟಗಾರರೇ ಸ್ವತಃ ರೂಪಿಸುವ ಕಾರ್ಯ. ದಿ ಆಪರೇಷನಲ್ ಆರ್ಟ್ ಆಫ್ ವಾರ್ ಎಂಬ ಆಟ ಇದಕ್ಕೆ ಪ್ರಮುಖ ಉದಾಹರಣೆ.

ಹಿನ್ನೆಲೆ

ನಾರ್ಮ್ ಕೋಗರ್ ವಿನ್ಯಾಸಗೊಳಿಸಿದ ಈ ಆಟದ ಮೊದಲ ಸಂಪುಟವನ್ನು ಟ್ಯಾಲನ್‌ಸಾಫ್ಟ್ ಸಂಸ್ಥೆಯು ೧೯೯೮ರಲ್ಲಿ ಪ್ರಕಟಿಸಿತು. ಮೂರನೆಯ ಆವೃತ್ತಿಯು ೨೦೦೬ರಲ್ಲಿ ಮತ್ತು ನಾಲ್ಕನೆಯದು ೨೦೧೭ರಲ್ಲಿ ಮ್ಯಾಟ್ರಿಕ್ಸ್ ಗೇಮ್ಸ್ ಮೂಲಕ ಹೊರಬಂದವು. ಆಟದ ಜೊತೆಗೇ ಸನ್ನಿವೇಶ ರಚನೆಯ ತಂತ್ರಾಂಶವೂ ದೊರೆಯುವುದು ಇದರ ವೈಶಿಷ್ಟ್ಯ.

ಬೃಹತ್ ಆಟಗಳ ಹಂಬಲ ಕಂಪ್ಯೂಟರಿಗಿಂತ ಹಳೆಯದು. ರಿಚರ್ಡ್ ಬರ್ಗ್ ರೂಪಿಸಿ ೧೯೭೯ರಲ್ಲಿ ಪ್ರಕಟವಾದ ದಿ ಕ್ಯಾಂಪೇನ್ ಫಾರ್ ನಾರ್ತ್ ಆಫ್ರಿಕಾ ಎಂಬ ಫಲಕದ ಆಟವನ್ನು ಪೂರ್ಣಗೊಳಿಸಲು ಸುಮಾರು ೧,೫೦೦ ಗಂಟೆಗಳು ಬೇಕೆಂದು ಅಂದಾಜಿಸಲಾಗಿದೆ.

ಪ್ರಮಾಣದ ಆಯ್ಕೆ

ಭೂಪಟವು ಷಟ್ಕೋನ ಮನೆಗಳಿಂದ ಕೂಡಿರುತ್ತದೆ. ಒಂದು ಮನೆಯ ಅಗಲ ೨.೫ ಕಿ.ಮೀ.ನಿಂದ ೫೦ ಕಿ.ಮೀ.ವರೆಗೆ, ಒಂದು ಸರದಿಯ ಅವಧಿ ಆರು ಗಂಟೆಗಳಿಂದ ಒಂದು ವಾರದವರೆಗೆ ಇರಬಹುದು. ಈ ಎರಡು ಆಯ್ಕೆಗಳೇ ಸನ್ನಿವೇಶದ ಗಾತ್ರವನ್ನು ನಿರ್ಧರಿಸುತ್ತವೆ. ಮನೆಯ ಅಗಲವನ್ನು ಅರ್ಧಕ್ಕಿಳಿಸಿದರೆ ಅದೇ ಪ್ರದೇಶಕ್ಕೆ ನಾಲ್ಕು ಪಟ್ಟು ಮನೆಗಳು ಬೇಕಾಗುತ್ತವೆ.

ಜರ್ಮನಿ ಮತ್ತು ಸೋವಿಯತ್ ಒಕ್ಕೂಟದ ಯುದ್ಧವು ಜೂನ್ ೨೨, ೧೯೪೧ರಿಂದ ಮೇ ೧೯೪೫ರವರೆಗೆ ಸುಮಾರು ೨೦೨ ವಾರಗಳ ಕಾಲ ನಡೆಯಿತು. ಅರ್ಧ ವಾರಕ್ಕೊಂದು ಸರದಿಯಂತೆ ಇದನ್ನು ರೂಪಿಸಿದರೆ ನಾನೂರಕ್ಕೂ ಹೆಚ್ಚು ಸರದಿಗಳಾಗುತ್ತವೆ. ಇಮೇಲ್ ಮೂಲಕ ಆಡುವ ಇಬ್ಬರು ದಿನಕ್ಕೊಂದು ಸರದಿ ಮುಗಿಸಿದರೂ ಆಟಕ್ಕೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬೇಕು. ಆದ್ದರಿಂದ ಇಂತಹ ಸನ್ನಿವೇಶಗಳಿಗೆ ಆಟಗಾರರ ಸಮಯವೇ ನಿಜವಾದ ಮಿತಿ.

ರಚನೆಯ ಅಂಗಗಳು

ಸೇನಾಬಲ: ಪ್ರತಿಯೊಂದು ಸೇನಾ ಘಟಕಕ್ಕೂ ಶಸ್ತ್ರಾಸ್ತ್ರಗಳ ಸಂಖ್ಯೆ, ನೈಪುಣ್ಯ ಮತ್ತು ರಣರಂಗಕ್ಕೆ ಬರುವ ಸರದಿಯನ್ನು ನಮೂದಿಸಬೇಕು. ಘಟಕಗಳನ್ನು ಡಿವಿಜನ್ ಮಟ್ಟದಲ್ಲಿ ಇರಿಸಿದರೆ ಕೆಲಸ ಹಗುರಾಗುತ್ತದೆ. ರೆಜಿಮೆಂಟುಗಳಾಗಿ ಒಡೆದರೆ ಹಲವು ಪಟ್ಟು ಬೆಳೆಯುತ್ತದೆ. ಒಂದು ಮನೆಯಲ್ಲಿ ಒಂದು ಪಕ್ಷದ ಒಂಬತ್ತು ಘಟಕಗಳಷ್ಟೇ ನಿಲ್ಲಬಲ್ಲವು.

ಸರಬರಾಜು: ಸೋವಿಯತ್ ರೈಲು ಹಳಿಗಳ ಅಗಲ ಮಧ್ಯ ಯುರೋಪಿನ ಹಳಿಗಳಿಗಿಂತ ಹೆಚ್ಚಿದ್ದುದರಿಂದ ಜರ್ಮನ್ ಸೇನೆಯು ಮುನ್ನಡೆದಂತೆ ಅವುಗಳನ್ನು ಬದಲಿಸಬೇಕಾಯಿತು. ಸನ್ನಿವೇಶದಲ್ಲಿ ರೈಲುಮಾರ್ಗದ ದುರಸ್ತಿ ಅತಿವೇಗವಾಗಿದ್ದರೆ ಚಳಿಗಾಲಕ್ಕೆ ಮೊದಲೇ ಮಾಸ್ಕೋ ಪತನವಾಗಬಹುದು; ಅತಿ ನಿಧಾನವಾಗಿದ್ದರೆ ಆಕ್ರಮಣ ಅರ್ಧದಾರಿಯಲ್ಲೇ ನಿಂತುಹೋಗಬಹುದು.

ಘಟನೆಗಳು: ಹೊಸ ರಾಷ್ಟ್ರದ ಪ್ರವೇಶ, ಹವಾಮಾನದ ಬದಲಾವಣೆ ಮುಂತಾದವನ್ನು ಘಟನೆಗಳಾಗಿ ಬರೆಯಲಾಗುತ್ತದೆ. ನಿರ್ದಿಷ್ಟ ಸರದಿ, ಒಂದು ಸ್ಥಳದ ವಶ ಅಥವಾ ಇನ್ನೊಂದು ಘಟನೆಯಿಂದ ಇವು ಚಾಲನೆಗೊಳ್ಳುತ್ತವೆ. ಹೀಗೆ ಹೆಣೆದ ಸರಪಳಿಯ ಒಂದು ಕೊಂಡಿ ತಪ್ಪಿದರೂ ಮುಂದಿನ ಘಟನೆಗಳು ಜರುಗುವುದಿಲ್ಲ.

ಪರೀಕ್ಷೆ ಮತ್ತು ಸಮತೋಲನ

ದೀರ್ಘ ಸನ್ನಿವೇಶದಲ್ಲಿ ಸಣ್ಣ ದೋಷವೂ ಕೂಡುತ್ತಾ ಹೋಗುತ್ತದೆ. ಒಂದು ಪಕ್ಷಕ್ಕೆ ಪ್ರತಿ ಸರದಿಯಲ್ಲಿ ಐದು ಟ್ಯಾಂಕುಗಳು ಹೆಚ್ಚಾಗಿ ದೊರೆತರೆ ನಾನೂರು ಸರದಿಗಳಲ್ಲಿ ಅದು ೨,೦೦೦ ಟ್ಯಾಂಕುಗಳಾಗುತ್ತದೆ. ಇಂತಹ ದೋಷ ಬೆಳಕಿಗೆ ಬರುವ ಹೊತ್ತಿಗೆ ಆಟಗಾರರು ತಿಂಗಳುಗಳ ಶ್ರಮ ವ್ಯಯಿಸಿರುತ್ತಾರೆ. ಮೂಲ ಕಡತವನ್ನು ತಿದ್ದಿದರೂ ಆಗಲೇ ನಡೆಯುತ್ತಿರುವ ಆಟಕ್ಕೆ ಅದು ಅನ್ವಯಿಸುವುದಿಲ್ಲ.

ಈ ಕಾರಣದಿಂದ ವಿನ್ಯಾಸಕರು ೧೯೪೨ ಅಥವಾ ೧೯೪೩ರಿಂದ ಆರಂಭವಾಗುವ ಕಿರು ಆವೃತ್ತಿಗಳನ್ನು ರಚಿಸಿ ಯುದ್ಧದ ಉತ್ತರಾರ್ಧವನ್ನು ಪ್ರತ್ಯೇಕವಾಗಿ ಪರೀಕ್ಷಿಸುವುದುಂಟು. ಕಂಪ್ಯೂಟರ್ ಎದುರಾಳಿಗೆ ಪ್ರತಿ ಸೇನಾವಿಭಾಗದ ಗುರಿಗಳನ್ನೂ ವಿನ್ಯಾಸಕರೇ ಗೊತ್ತುಪಡಿಸಬೇಕಾದ್ದರಿಂದ, ಅನೇಕ ಬೃಹತ್ ಸನ್ನಿವೇಶಗಳನ್ನು ಇಬ್ಬರು ಆಟಗಾರರಿಗೆಂದೇ ರೂಪಿಸಲಾಗುತ್ತದೆ.