ಒಡೆಯನ ಹೆಸರು, ಗೊತ್ತಿದ್ದರೆ

ದೊಡ್ಡಿ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳು ಅಕ್ಕಪಕ್ಕದಲ್ಲೇ ಬಾಳಿಕೊಂಡು ಬಂದಿವೆ. ರೈತನು ತನ್ನ ದನಗಳನ್ನು ರಾತ್ರಿ ಕೂಡುವ ಬೇಲಿಯೊಳಗಿನ ಜಾಗ ಒಂದು. ಪರರ ಹೊಲಕ್ಕೆ ನುಗ್ಗಿ ಪೈರು ಮೇದ, ಇಲ್ಲವೇ ಹಾದಿಯಲ್ಲಿ ದಿಕ್ಕಿಲ್ಲದೆ ತಿರುಗುತ್ತಿದ್ದ ದನವನ್ನು ಸರ್ಕಾರದ ಪರವಾಗಿ ಹಿಡಿದಿಟ್ಟು, ದಂಡ ಕಟ್ಟಿದ ಮೇಲೆ ಒಡೆಯನಿಗೆ ಬಿಟ್ಟುಕೊಡುವ ಆವರಣ ಇನ್ನೊಂದು. ಈ ಎರಡನೆಯದನ್ನು ಉತ್ತರ ಕರ್ನಾಟಕದಲ್ಲಿ ಕೊಂಡವಾಡ ಎನ್ನುತ್ತಾರೆ. ಬೀದಿಯ ಪ್ರಾಣಿಗಳಿಗಾಗಿ, ಅವುಗಳಿಗೆ ಆಸರೆ ಕೊಡುವ ಗೋಶಾಲೆ ಮತ್ತು ಆಶ್ರಯತಾಣಗಳಿಗಾಗಿ ಈಗ ರೂಪುಗೊಳ್ಳುತ್ತಿರುವ ಮೊಬೈಲ್ ಆ್ಯಪ್‌ಗಳ ವಂಶಾವಳಿಯನ್ನು ಹುಡುಕುವವರು ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಿಗೆ ಹೋಗುವ ಮೊದಲು ಇಂಥ ದೊಡ್ಡಿಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ. ಆ್ಯಪಿನ ಪರದೆ ಇಂದು ಕೇಳುವ ಪ್ರಶ್ನೆಗಳನ್ನು ದೊಡ್ಡಿಯ ದಾಖಲೆ ಪುಸ್ತಕ ಒಂದೂವರೆ ಶತಮಾನದ ಹಿಂದೆಯೇ ಕೇಳಿತ್ತು.

ಈ ಮಾತನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ನೆಲದಲ್ಲಿ ನಿಲ್ಲಿಸಿ ನೋಡಬಹುದು. ಇವು ಒಂದೇ ಜಿಲ್ಲೆಯ ಭಾಗಗಳಾಗಿ ಬಹುಕಾಲವಾಗಿಲ್ಲ: 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಜಗಳೂರು ಚಿತ್ರದುರ್ಗಕ್ಕೂ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಸೇರಿದ್ದವು, ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ಸ್ವಂತ ತಾಲ್ಲೂಕಾದದ್ದು ಇನ್ನೂ ಈಚೆಗೆ. ನೆಲದ ಗುಣವೂ ಒಂದೇ ಅಲ್ಲ. ಸೂಳೆಕೆರೆಯ ನೀರು ಮತ್ತು ಭದ್ರಾ ನಾಲೆಯ ಆಸರೆಯಲ್ಲಿ ಚನ್ನಗಿರಿ ಭತ್ತ, ಅಡಿಕೆಗಳ ಸೀಮೆಯಾಯಿತು. ತುಂಗಭದ್ರೆಯ ದಡದ ಹೊನ್ನಾಳಿಗೂ ಅದರ ನೆರೆಯ ನ್ಯಾಮತಿಗೂ ಅರೆಮಲೆನಾಡಿನ ಅಂಚು ತಾಗುತ್ತದೆ. ಜಗಳೂರು ಮಾತ್ರ ಮಳೆಯನ್ನೇ ನಂಬಿ ಬರವನ್ನು ಮತ್ತೆ ಮತ್ತೆ ಕಂಡ ಬಯಲು. ಆದ್ದರಿಂದ ದಿಕ್ಕುತಪ್ಪಿದ ದನ ಎಂದರೆ ಒಂದು ಕಡೆ ಗದ್ದೆಗೆ ನುಗ್ಗಿದ್ದು, ಇನ್ನೊಂದು ಕಡೆ ಮೇವಿಲ್ಲದೆ ಬಿಟ್ಟದ್ದು.

ದನದ ಒಡೆತನದ ಜಗಳ ಇಲ್ಲಿ ಕಾಯ್ದೆಗಿಂತ ಬಹಳ ಹಳೆಯದು. ಶಾಸನತಜ್ಞ ಬಿ.ಎಲ್. ರೈಸ್ ಅವರು 1902ರಲ್ಲಿ ಹೊರತಂದ, ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನಮಾಲೆಯ ಏಳನೆಯ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿಗಳ ಶಾಸನಗಳೂ ಮರುವರ್ಷದ ಹನ್ನೊಂದನೆಯ ಸಂಪುಟದಲ್ಲಿ ಜಗಳೂರಿನವೂ ಸೇರಿವೆ. ಈ ಸೀಮೆಯ ಶಾಸನಗಳಲ್ಲಿ ತುರುಗೋಳಿನ, ಅಂದರೆ ಶತ್ರುಗಳು ಅಟ್ಟಿಕೊಂಡು ಹೋದ ಹಸುಗಳ ಹಿಂಡನ್ನು ಮರಳಿಸಲು ಕಾದಿ ಮಡಿದವರ, ವೀರಗಲ್ಲುಗಳು ಒಂದು ದೊಡ್ಡ ವರ್ಗ. ಅಂಥ ಕಲ್ಲುಗಳಲ್ಲಿ ಸತ್ತ ವೀರನ ಹೆಸರು, ಅವನ ಊರು, ಆಳುವವನ ಹೆಸರು ಎಲ್ಲವೂ ಬರುತ್ತವೆ. ತುರು ಮಾತ್ರ ಹೆಸರಿಲ್ಲದೆ ಹಿಂಡಾಗಿಯೇ ಕೆಳಗಿನ ಪಟ್ಟಿಕೆಯಲ್ಲಿ ನಿಂತಿರುತ್ತದೆ.

ಹಿಂಡಿನಿಂದ ಒಂದೊಂದೇ ದನವನ್ನು ಬೇರ್ಪಡಿಸಿ ಗುರುತಿಸುವ ವಿದ್ಯೆ ದನದ ಜೊತೆ ಬಾಳಿದವರ ಬಳಿ ಇತ್ತು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಲಂಬಾಣಿಗರ ಆರಾಧ್ಯರಾದ ಸಂತ ಸೇವಾಲಾಲರ ಜನ್ಮಸ್ಥಳ; ಅವರ ಸಮುದಾಯ ಹೇರೆತ್ತುಗಳ ಬೆನ್ನ ಮೇಲೆ ಧಾನ್ಯ, ಉಪ್ಪು ಹೊರಿಸಿಕೊಂಡು ರಾಜ್ಯದಿಂದ ರಾಜ್ಯಕ್ಕೆ ಸಾಗಿ, ದಂಡುಗಳಿಗೂ ದವಸ ಒದಗಿಸುತ್ತಿತ್ತು, ಮತ್ತು ನೂರಾರು ಎತ್ತುಗಳ ಸಾಲಿನಲ್ಲಿ ತನ್ನದನ್ನು ಗುರುತಿಸಲಾರದವನಿಗೆ ಆ ಕಸುಬಿನಲ್ಲಿ ಜಾಗವಿರಲಿಲ್ಲ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮ್ಯಾಸಬೇಡ ಸಮುದಾಯದವರಲ್ಲಿ ದೇವರ ಎತ್ತುಗಳೆಂಬ ಹಿಂಡುಗಳು ಇಂದಿಗೂ ಇವೆ. ಇವು ದೇವರಿಗೆ ಮುಡಿಪಾದ ದನಗಳು. ನೊಗಕ್ಕೆ ಕಟ್ಟುವಂತಿಲ್ಲ, ಮಾರುವಂತಿಲ್ಲ. ಇವನ್ನು ಮೇಯಿಸಿ ಕಾಯುವವನು ಕಿಲಾರಿ. ಕಿಲಾರಿಯ ಬಳಿ ಪುಸ್ತಕವಿಲ್ಲ, ಆದರೆ ಬಣ್ಣ, ಕೊಂಬಿನ ತಿರುವು, ಮೈಮೇಲಿನ ಸುಳಿ, ತಾಯಿ ಯಾವುದು ಎಂಬ ನೆನಪು, ಇವುಗಳ ಜೋಡಣೆಯೇ ಅವನ ದಾಖಲೆ. ಸುಳಿ ಎಂದರೆ ಕೂದಲು ಸುತ್ತಿಕೊಂಡು ಬೆಳೆದ ಗುರುತು. ದನ ಕೊಳ್ಳುವಾಗ ಶುಭಾಶುಭ ನೋಡಲು ಬಳಸುವ ಈ ಲಕ್ಷಣ ಜೀವಮಾನವಿಡೀ ಬದಲಾಗದೆ ಉಳಿಯುವುದರಿಂದ ಗುರುತಿಗೂ ಒದಗುತ್ತದೆ. ವಯಸ್ಸಿನ ಲೆಕ್ಕ ಹಲ್ಲಿನಲ್ಲಿ: ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಕೊನೆಗೆ ಬಾಯಿಗೂಡಿದ್ದು.

ಬಾಯಿಮಾತಿನ ಈ ಗುರುತುಗಳಿಗೆ ಕಾಗದದ ರೂಪ ಕೊಟ್ಟದ್ದು ಬ್ರಿಟಿಷ್ ಇಂಡಿಯಾದ 1871ರ ಒಂದನೆಯ ಕಾಯ್ದೆ, ಅಂದರೆ ಜಾನುವಾರು ಅತಿಕ್ರಮ ಪ್ರವೇಶ ಕಾಯ್ದೆ. ಆ ವೇಳೆಗೆ ಮೈಸೂರು ಸೀಮೆ ನಲವತ್ತು ವರ್ಷಗಳಿಂದ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಏಕೀಕರಣದ ನಂತರ, 1966ರಲ್ಲಿ, ಇದೇ ವಿಷಯದ ಮೇಲೆ ರಾಜ್ಯವು ತನ್ನದೇ ಕಾಯ್ದೆಯನ್ನು ಮಾಡಿಕೊಂಡಿತು. 1871ರ ಕಾಯ್ದೆಯ ಪ್ರಕಾರ ದೊಡ್ಡಿಯ ಕಾವಲುಗಾರನು ದನ ಬಂದ ಕೂಡಲೇ ಪುಸ್ತಕದಲ್ಲಿ ನಾಲ್ಕು ಸಂಗತಿಗಳನ್ನು ಬರೆಯಬೇಕಿತ್ತು: ದನಗಳ ಸಂಖ್ಯೆ ಮತ್ತು ಚಹರೆ, ಅವು ಬಂದ ದಿನ ಮತ್ತು ಗಂಟೆ, ಹಿಡಿದು ತಂದವನ ಹೆಸರು ಮತ್ತು ವಾಸಸ್ಥಳ, ಒಡೆಯನ ಹೆಸರು ಮತ್ತು ವಾಸಸ್ಥಳ, ಗೊತ್ತಿದ್ದರೆ. ಬರೆದದ್ದರ ನಕಲನ್ನು ಹಿಡಿದು ತಂದವನ ಕೈಗೆ ಕೊಡಬೇಕು. ಬೀದಿಯಲ್ಲಿ ಗಾಯಗೊಂಡ ಪ್ರಾಣಿಯನ್ನು ಕಂಡು ದೂರು ದಾಖಲಿಸಿದವನ ಫೋನಿಗೆ ಇಂದು ಬರುವ ದೂರಿನ ಸಂಖ್ಯೆ ಈ ನಕಲಿನ ಮರಿಮಗಳು.

ಮುಂದಿನ ಕ್ರಮವೂ ಅಷ್ಟೇ ನಿಖರ. ಏಳು ದಿನಗಳೊಳಗೆ ಯಾರೂ ಕೇಳಿಕೊಂಡು ಬರದಿದ್ದರೆ ಸಂಗತಿ ಹತ್ತಿರದ ಪೊಲೀಸ್ ಠಾಣೆಗೆ ಹೋಗಬೇಕು. ಠಾಣೆಯ ಅಧಿಕಾರಿಯು ದನದ ಚಹರೆ, ಹಿಡಿದ ಸ್ಥಳ, ಇಟ್ಟಿರುವ ಸ್ಥಳಗಳನ್ನು ಬರೆದ ನೋಟೀಸನ್ನು ಅಂಟಿಸಿ, ಹತ್ತಿರದ ಊರಿನಲ್ಲೂ ಸಂತೆಯಲ್ಲೂ ಡಂಗುರ ಸಾರಿಸಬೇಕು. ಮತ್ತೂ ಏಳು ದಿನ ಕಳೆದರೆ ಬಹಿರಂಗ ಹರಾಜು. ಹರಾಜಿನಲ್ಲಿ ದೊಡ್ಡಿಯ ಕಾವಲುಗಾರನಾಗಲಿ ಸಂಬಂಧಪಟ್ಟ ಅಧಿಕಾರಿಯಾಗಲಿ ದನ ಕೊಳ್ಳುವಂತಿಲ್ಲ ಎಂದು ಕಾಯ್ದೆ ಬೇರೆಯಾಗಿಯೇ ಹೇಳುತ್ತದೆ. ಹೇಳಬೇಕಾಗಿ ಬಂತು ಎಂಬುದರಿಂದಲೇ ದೊಡ್ಡಿಗಳಲ್ಲಿ ಏನು ನಡೆಯಬಹುದಿತ್ತೆಂಬುದು ಊಹೆಗೆ ನಿಲುಕುತ್ತದೆ. ದಂಡದ ಪಟ್ಟಿಯಲ್ಲಿ ಆನೆಗೆ 2 ರೂಪಾಯಿ, ಒಂಟೆ ಮತ್ತು ಎಮ್ಮೆಗೆ 8 ಆಣೆ, ಕುದುರೆ, ಎತ್ತು, ಹಸುಗಳಿಗೆ 4 ಆಣೆ, ಕರು, ಕತ್ತೆ, ಹಂದಿಗಳಿಗೆ 2 ಆಣೆ, ಕುರಿ ಮೇಕೆಗಳಿಗೆ 1 ಆಣೆ. ಹೊಲ ಮೇದ ಆನೆಯನ್ನು ದೊಡ್ಡಿಗೆ ಹೊಡೆದುಕೊಂಡು ಹೋಗಿ ರಸೀದಿ ಕೇಳುವ ರೈತನನ್ನು ಕಾಯ್ದೆ ಬರೆದವರು ಹೇಗೆ ಕಲ್ಪಿಸಿಕೊಂಡಿದ್ದರೋ ತಿಳಿಯದು. ಹಿಡಿದಿಟ್ಟ ದನಕ್ಕೆ ಮೇವು ನೀರು ಕೊಡುವ ಹೊಣೆಯನ್ನೂ ಕಾಯ್ದೆ ಹೊರಿಸಿದ್ದಿತು, ಆದರೆ ಆ ಖರ್ಚನ್ನೂ ಒಡೆಯನಿಂದಲೇ ವಸೂಲು ಮಾಡಬೇಕಿತ್ತು. ಒಟ್ಟಿನಲ್ಲಿ ದೊಡ್ಡಿ ಇದ್ದದ್ದು ಪೈರಿನ ಒಡೆಯನಿಗಾಗಿ; ದನ ಅಲ್ಲಿ ಅತಿಥಿಯಲ್ಲ, ಒತ್ತೆ.

ಆ ಪಟ್ಟಿಯಲ್ಲಿ ನಾಯಿ ಇಲ್ಲ. ನಾಯಿ ಪೈರು ಮೇಯುವುದಿಲ್ಲ, ಹರಾಜಿಗಿಟ್ಟರೆ ಕೊಳ್ಳುವವರಿಲ್ಲ. ಆದ್ದರಿಂದ ಆಡಳಿತ ಅದನ್ನು ಪುಸ್ತಕಕ್ಕೆ ಸೇರಿಸದೆ ನೇರವಾಗಿ ಕೊಲ್ಲುವ ದಾರಿ ಹಿಡಿಯಿತು. ಮುಂಬಯಿಯಲ್ಲಿ ಬೀದಿನಾಯಿಗಳನ್ನು ಕೊಲ್ಲುವ ಆಜ್ಞೆಯ ವಿರುದ್ಧ 1832ರಲ್ಲಿ ಪಾರ್ಸಿಗಳು ಮುಂದಾಗಿ ನಡೆಸಿದ ಗಲಭೆ ಪ್ರಸಿದ್ಧ. ಅದರ ಬೆನ್ನಿಗೇ, 1834ರಲ್ಲಿ, ವರ್ತಕ ಜಮ್‌ಷೆಟ್‌ಜಿ ಜೀಜಿಭಾಯ್ ಮೊದಲಾದವರ ದಾನದಿಂದ ಅಲ್ಲಿ ಪಿಂಜರಾಪೋಲ್ ಎದ್ದಿತು. ಪಿಂಜರಾಪೋಲ್ ಎಂದರೆ ದುಡಿಮೆಗೂ ಹಾಲಿಗೂ ಒದಗದ ಪ್ರಾಣಿಗಳನ್ನು ಸಾಯುವವರೆಗೆ ಸಾಕುವ ಧರ್ಮಸಂಸ್ಥೆ. ದೊಡ್ಡಿ ಮತ್ತು ಪಿಂಜರಾಪೋಲ್‌ಗಳ ನಡುವಿನ ವ್ಯತ್ಯಾಸ ಮುಖ್ಯವಾದುದು: ಒಂದು ಪ್ರಾಣಿಯನ್ನು ಹಿಂದಿರುಗಿಸಲು ಇಟ್ಟುಕೊಳ್ಳುತ್ತದೆ, ಇನ್ನೊಂದು ಹಿಂದಿರುಗುವ ಮನೆಯೇ ಇಲ್ಲವೆಂದು ಇಟ್ಟುಕೊಳ್ಳುತ್ತದೆ.

ನಾಯಿಗೆ ಇವೆರಡೂ ಅಲ್ಲದ ಮೂರನೆಯ ದಾರಿ ತೆರೆದದ್ದು 2001ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು. ಅವುಗಳ ಪ್ರಕಾರ ಬೀದಿನಾಯಿಯನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಮರಳಿ ಬಿಡಬೇಕಿತ್ತು. ಗುರುತಿಗಾಗಿ ಕಿವಿಯ ತುದಿಯನ್ನು ಕತ್ತರಿಸಬೇಕಿತ್ತು ಇಲ್ಲವೇ ಹಚ್ಚೆ ಹಾಕಬೇಕಿತ್ತು. ದೊಡ್ಡಿಯ ಕಾಲದಲ್ಲಿ ಹಿಡಿದ ಸ್ಥಳ ಬೇಕಾದದ್ದು ಮುಖ್ಯವಾಗಿ ಒಡೆಯನನ್ನು ಹುಡುಕುವುದಕ್ಕೆ. ನಾಯಿಯ ವಿಷಯದಲ್ಲಿ ಆ ಸ್ಥಳವೇ ಅದರ ವಿಳಾಸವಾಯಿತು. ಆ್ಯಪ್‌ಗಳಲ್ಲಿ ಫೋಟೊದ ಜೊತೆಗೆ ಜಿಪಿಎಸ್ ಬಿಂದು ತಪ್ಪದೆ ದಾಖಲಾಗುವುದರ ಹಿಂದಿರುವ ಕಾನೂನಿನ ಅಗತ್ಯ ಇದು. 2023ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಬೀದಿನಾಯಿಗಳ ಸಮೀಕ್ಷೆ ನಡೆಸಿದಾಗ ತಂಡಗಳು ಬೈಕಿನಲ್ಲಿ ಬೀದಿ ಬೀದಿ ಸುತ್ತಿ, ಕಂಡ ನಾಯಿಯ ಚಿತ್ರವನ್ನೂ ಸ್ಥಳವನ್ನೂ ಆ್ಯಪಿಗೆ ಸೇರಿಸಿದವು. 2019ರಲ್ಲಿ ಸುಮಾರು 3.10 ಲಕ್ಷವಿದ್ದ ಸಂಖ್ಯೆ 2.79 ಲಕ್ಷಕ್ಕೆ ಇಳಿದದ್ದು ಕಂಡುಬಂತು. ಅದೇ ವರ್ಷ ಬಂದ ಹೊಸ ನಿಯಮಗಳು ಬೀದಿನಾಯಿಯನ್ನು ಸಮುದಾಯದ ಪ್ರಾಣಿ ಎಂದು ಕರೆದವು. 2025ರ ನವೆಂಬರ್ 7ರ ಸುಪ್ರೀಂ ಕೋರ್ಟ್ ಆದೇಶವು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಕಡೆ ಹಿಡಿದ ನಾಯಿಗಳನ್ನು ಅಲ್ಲಿಗೇ ಮರಳಿ ಬಿಡದೆ ಆಶ್ರಯತಾಣಗಳಿಗೆ ಸೇರಿಸಲು ಹೇಳಿದ್ದರಿಂದ, ಪಿಂಜರಾಪೋಲಿನ ಕಲ್ಪನೆ ನಾಯಿಗೂ ಬಂದಂತಾಯಿತು.

ಇತ್ತ ಹಳ್ಳಿಗಳ ಹಳೆಯ ದೊಡ್ಡಿಗಳು ಹಾಳುಬಿದ್ದವು. ನಾಲೆಯ ನೀರು ಬಂದ ಕಡೆ ಗೋಮಾಳಗಳು ಉಳುಮೆಗೆ ಸಿಕ್ಕವು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿನ ದುಡಿಮೆ ಕಡಿಮೆಯಾಗಿ, ಮಿಶ್ರತಳಿ ಹಸು ಹಾಕಿದ ಹೋರಿಗರು ಹುಟ್ಟಿದ ದಿನದಿಂದಲೇ ಬೇಡವಾಯಿತು. ನಾಲ್ಕಾಣೆ ದಂಡ ಕಟ್ಟಿ ದನ ಬಿಡಿಸಿಕೊಳ್ಳುತ್ತಿದ್ದ ಒಡೆಯನ ಮೊಮ್ಮಗ ಇಂದು ದನವನ್ನು ತಾನೇ ರಾತ್ರಿ ಹೊತ್ತು ಪೇಟೆಯ ಅಂಚಿನಲ್ಲಿ ಬಿಟ್ಟುಬಂದರೆ, ದಂಡವೆಂಬ ಅಸ್ತ್ರಕ್ಕೆ ಮೊನೆಯೇ ಇರುವುದಿಲ್ಲ. ಪತ್ರಿಕೆಗಳು ಇಂಥವನ್ನು ಬಿಡಾಡಿ ದನ ಎನ್ನುತ್ತವೆ. ಬಿಡು, ಆಡು ಎಂಬ ಎರಡು ಮಾತುಗಳು ಕೂಡಿದ ಈ ಪದದಲ್ಲಿ ದನ ಆಡುತ್ತದೆ, ಬಿಟ್ಟವರು ಯಾರೆಂಬುದು ಮರೆಯಾಗುತ್ತದೆ. 2019ರ ಇಪ್ಪತ್ತನೆಯ ಜಾನುವಾರು ಗಣತಿ ದೇಶದಲ್ಲಿ ಸುಮಾರು 50 ಲಕ್ಷ ಬಿಡಾಡಿ ದನಗಳನ್ನೂ 1.53 ಕೋಟಿ ಬೀದಿನಾಯಿಗಳನ್ನೂ ಎಣಿಸಿತು. ಜಗಳೂರಿನಂಥ ಕಡೆ ಬರದ ವರ್ಷಗಳಲ್ಲಿ ಸರ್ಕಾರ ತೆರೆಯುವ ಗೋಶಾಲೆ ಮತ್ತು ಮೇವು ಬ್ಯಾಂಕುಗಳು ದೊಡ್ಡಿಗೆ ತದ್ವಿರುದ್ಧವಾದ ವ್ಯವಸ್ಥೆ: ಇಲ್ಲಿಗೆ ದನವನ್ನು ಒಡೆಯನೇ ಹೊಡೆದುಕೊಂಡು ಬರುತ್ತಾನೆ, ಮಳೆ ಬಂದರೆ ಒಡೆಯನೇ ಕರೆದೊಯ್ಯುತ್ತಾನೆ.

ಪ್ರಾಣಿಗೆ ಒಡೆಯನಿಂದ ಬೇರೆಯಾದ ತನ್ನದೇ ಗುರುತು ಸಿಕ್ಕಿದ್ದು ಕಿವಿಯೋಲೆಯಿಂದ. ಹನ್ನೆರಡು ಅಂಕಿಗಳನ್ನು ಮುದ್ರಿಸಿದ ಹಳದಿ ಪ್ಲಾಸ್ಟಿಕ್ ಓಲೆಯನ್ನು ದನದ ಕಿವಿಗೆ ಚುಚ್ಚಿ, ಆ ಸಂಖ್ಯೆಯ ಜೊತೆಗೆ ತಳಿ, ವಯಸ್ಸು, ಲಸಿಕೆಗಳ ವಿವರವನ್ನು ದತ್ತಾಂಶ ಕೋಶದಲ್ಲಿ ಇಡುವ ಈ ಪದ್ಧತಿ, ಕಾಲುಬಾಯಿ ಜ್ವರ ಮತ್ತು ಬ್ರುಸೆಲ್ಲಾ ರೋಗಗಳ ವಿರುದ್ಧ 2019ರ ಸೆಪ್ಟೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ಲಸಿಕೆ ಕಾರ್ಯಕ್ರಮದೊಂದಿಗೆ ಹಳ್ಳಿ ಹಳ್ಳಿಗೆ ಹರಡಿತು. ಮೊದಲು ಇನಾಫ್, ಈಗ ಭಾರತ್ ಪಶುಧನ್ ಎಂಬ ಆ್ಯಪ್ ಪಶುವೈದ್ಯ ಸಿಬ್ಬಂದಿಯ ಕೈಯಲ್ಲಿದೆ. ರಾಜ್ಯ ಸರ್ಕಾರ 2022ರ ಜುಲೈನಲ್ಲಿ ಆರಂಭಿಸಿದ ಪುಣ್ಯಕೋಟಿ ದತ್ತು ಯೋಜನೆಯ ಜಾಲತಾಣದಲ್ಲಿ ವರ್ಷಕ್ಕೆ 11,000 ರೂಪಾಯಿ ಕೊಟ್ಟು ಗೋಶಾಲೆಯ ಒಂದು ರಾಸನ್ನು ದೂರದಿಂದಲೇ ದತ್ತು ಪಡೆಯುವ ಅವಕಾಶ ತೆರೆಯಿತು. ಪಿಂಜರಾಪೋಲಿನ ದಾನಿಯ ಜಾಗಕ್ಕೆ ಹೀಗೆ ಮೊಬೈಲ್ ಹಿಡಿದವನು ಬಂದ. ಆದರೆ ಓಲೆ ಕಳಚಿದರೆ ಅಥವಾ ಯಾರಾದರೂ ಕಿತ್ತರೆ ಹನ್ನೆರಡು ಅಂಕಿಗಳೂ ಹೋದಂತೆ. ದನದ ಮೂತಿಯ ಮೇಲಿನ ಗೀರುಗಳು ಮನುಷ್ಯನ ಬೆರಳಚ್ಚಿನಂತೆ ಒಂದೊಂದಕ್ಕೂ ಬೇರೆ ಎಂದು ಅಮೆರಿಕದ ಹೈನುಗಾರಿಕೆ ತಜ್ಞರು 1920ರ ದಶಕದಲ್ಲೇ ತೋರಿಸಿದ್ದರು; ಕ್ಯಾಮೆರಾದಿಂದ ಅದನ್ನು ಓದುವ ಪ್ರಯತ್ನಗಳು ಈಗ ನಡೆಯುತ್ತಿವೆ.

ಇಷ್ಟೆಲ್ಲ ಸಾಧನಗಳ ನಡುವೆಯೂ ಹೊನ್ನಾಳಿ ಸೀಮೆಯಲ್ಲಿ ತುರುಗೋಳಿನ ನೆರಳು ಪೂರ್ತಿ ಸರಿದಿಲ್ಲ. ದೇವಿಗೆ ಬಿಟ್ಟ ಕೋಣ ಊರೂರು ಸುತ್ತಿ ಎಲ್ಲರ ಮನೆಯ ಮುಂದೆ ಮೇಯುವುದು ಇಲ್ಲಿಯ ಸಂಪ್ರದಾಯ. ಹಾಗೆ ಸುತ್ತುವ ಕೋಣ ಯಾವ ಊರಿನ ದೇವಿಯದೆಂಬ ವಿವಾದ 2019ರಲ್ಲಿ ಹೊನ್ನಾಳಿ ತಾಲ್ಲೂಕಿನ ಬೇಲಿಮಲ್ಲೂರು ಮತ್ತು ಶಿವಮೊಗ್ಗ ಕಡೆಯ ಹಾರನಹಳ್ಳಿಗಳ ನಡುವೆ ಎದ್ದು ಡಿಎನ್‌ಎ ಪರೀಕ್ಷೆಯ ಮಾತಿನವರೆಗೆ ಹೋಯಿತು. 2025ರ ಆರಂಭದಲ್ಲಿ ಕುಣಿಬೆಳಕೆರೆ ಮತ್ತು ಕುಳಗಟ್ಟೆ ಗ್ರಾಮಗಳ ನಡುವೆ ಅಂಥದೇ ಇನ್ನೊಂದು ಜಗಳ ಸುದ್ದಿಯಾಯಿತು. ಒಂದು ಊರು ಕೋಣಕ್ಕೆ ಎಂಟು ವರ್ಷವೆಂದಿತು, ಇನ್ನೊಂದು ಮೂರೆಂದಿತು. ಪಶುವೈದ್ಯರು ಆರು ಮೀರಿದೆ ಎಂದರು. ಒಪ್ಪಿಗೆಯಾಗದೆ ಪೊಲೀಸರು ಮತ್ತೆ ಡಿಎನ್‌ಎ ಪರೀಕ್ಷೆಯ ಮೊರೆಹೋದರು, ಮತ್ತು ಕೋಣವನ್ನು ಶಿವಮೊಗ್ಗದ ಗೋಶಾಲೆಯಲ್ಲಿ ಇರಿಸಲಾಯಿತು. ಹಲ್ಲಿನ ಲೆಕ್ಕ, ಠಾಣೆ, ಆಸರೆಯ ಆವರಣ: 1871ರ ಪುಸ್ತಕದ ಪಾತ್ರಗಳೆಲ್ಲ ಮತ್ತೆ ಸೇರಿದ್ದವು, ಹರಾಜೊಂದನ್ನು ಬಿಟ್ಟು.

ಈ ನಾಲ್ಕು ತಾಲ್ಲೂಕುಗಳಿಗೆ ಆ್ಯಪ್ ರೂಪಿಸುವವರಿಗೆ ಭಾಷೆಯ ಆಯ್ಕೆ, ಸಿಗ್ನಲ್ ಸಿಗದ ರಂಗಯ್ಯನದುರ್ಗದ ಕಾಡಂಚಿನಲ್ಲೂ ದಾಖಲೆ ಉಳಿಯುವ ಏರ್ಪಾಡು, ಸುಳಿ ಕೊಂಬುಗಳ ಚಹರೆಗೆ ಊರಿನವರ ಮಾತನ್ನೇ ಬಳಸುವ ಪಟ್ಟಿ, ಇವೆಲ್ಲ ಬಿಡಿಸಬಲ್ಲ ತೊಡಕುಗಳು. ಕಷ್ಟವಿರುವುದು ದೊಡ್ಡಿಯ ಪುಸ್ತಕದ ನಾಲ್ಕನೆಯ ಸಂಗತಿಯಾದ ಒಡೆಯನ ಹೆಸರಿನಲ್ಲಿ. ಕಾಯ್ದೆ ಬರೆದವರು ಅಲ್ಲಿ ಗೊತ್ತಿದ್ದರೆ ಎಂಬ ಒಂದು ಮಾತನ್ನು ಸೇರಿಸಿ ಜಾಗ ಬಿಟ್ಟಿದ್ದರು. ಆ್ಯಪಿನ ನೋಂದಣಿ ಒಡೆಯನ ಹೆಸರಿನ ಜೊತೆಗೆ ಮೊಬೈಲ್ ಸಂಖ್ಯೆಯನ್ನೂ ಬೇಡುತ್ತದೆ. ಮ್ಯಾಸಬೇಡರ ದೇವರ ಎತ್ತಿಗೆ ಅಲ್ಲಿ ಕಿಲಾರಿಯ ಸಂಖ್ಯೆ ಬರೆದರೂ ಅವನು ಒಡೆಯನಲ್ಲ, ದೇವಿಯ ಕೋಣಕ್ಕೆ ಬರೆಯಲು ಎರಡು ಊರುಗಳ ಸಂಖ್ಯೆಗಳಿವೆ, ಬಸ್ ನಿಲ್ದಾಣದ ನಾಯಿಗೆ ಒಂದೂ ಇಲ್ಲ.